ನಲವತ್ತು ಕಿಲೋಮೀಟರಿಗೆ ಎಂಟು ದಿನ

ಬಸ್ಸಿಗೆ ಬ್ರೇಕ್ ಕೊಟ್ಟಿರುವುದು ಅಲಂಕಾರಕ್ಕೆ ಎಂದು ನಮ್ಮ ಚಿಕ್ಕಪ್ಪ ಇಪ್ಪತ್ತೆಂಟು ವರ್ಷ ಪ್ರಾಮಾಣಿಕವಾಗಿ ನಂಬಿದ್ದ. ದೊಡ್ಡಬಳ್ಳಾಪುರದಿಂದ ತ್ಯಾಮಗೊಂಡ್ಲು ಮಾರ್ಗವಾಗಿ ದಾಬಸ್‌ಪೇಟೆಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್ ಅವನು. ಹಾಗಾದರೆ ಆ ದಾರಿಯ ಹಳ್ಳಿಗಳನ್ನೆಲ್ಲ ಸಾವಿರಾರು ಸಲ ನೋಡಿರಬೇಕು ಎಂದುಕೊಂಡಿರಾ? ಎಲ್ಲಿ ಬಂತು! ಅವನು ನೋಡಿರುವುದು ಆ ಹಳ್ಳಿಗಳ ಬಸ್‌ಸ್ಟಾಪನ್ನು ಮಾತ್ರ. ಅದೂ ಕನ್ನಡಿಯಲ್ಲಿ, ಜನ ಕೈ ಬೀಸುತ್ತಾ ಬಸ್ಸಿನ ಹಿಂದೆ ಓಡಿ ಬರುತ್ತಿರುವಾಗ.

ಇಂಥ ಮನುಷ್ಯ ಕೆಲಸ ಬಿಟ್ಟು ಎರಡು ವರ್ಷವಾದ ಮೇಲೆ ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದು ಕೂತ. ನಾನು ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ಮಕ್ಕಳಿಗೆ ಪಾಠ ಹೇಳುವ ಟೀಚರಮ್ಮ ಲೇಟಾಗಿ ಹೋಗುವಂತಿಲ್ಲ ನೋಡಿ.

"ಮಗಳೇ, ಒಂದು ಟೂರ್ ಹಾಕಿವ್ನಿ. ಬೇಸಿಗೆ ರಜಕ್ಕೆ. ನಿನ್ ಕಾರೂ ಬೇಕು, ನೀನೂ ಬೇಕು."

"ಎಲ್ಲಿಗೆ ಚಿಕ್ಕಪ್ಪಾ? ಕಾಶಿಗಾ?"

"ದಾಬಸ್‌ಪೇಟೆಗೆ."

"ಓಹೋ. ಬೆಳಿಗ್ಗೆ ಹೋಗಿ ತಟ್ಟೆ ಇಡ್ಲಿ ತಿಂದು ಬರೋದಾ?"

"ಇಲ್ಲ ಕಣವ್ವಾ. ಎಂಟು ದಿನ."

ನಾನು ಕಾಫಿ ಲೋಟ ಕೆಳಗಿಟ್ಟೆ. ನಮ್ಮೂರಿಂದ ದಾಬಸ್‌ಪೇಟೆಗೆ ಹೆಚ್ಚೆಂದರೆ ನಲವತ್ತು ಕಿಲೋಮೀಟರು. ಎತ್ತಿನ ಗಾಡಿ ಕಟ್ಟಿಕೊಂಡು ಹೋದರೂ ಮಾರನೇ ದಿನ ಮನೆಗೆ ಬಂದು ಮುದ್ದೆ ಉಣ್ಣಬಹುದು!

"ಸ್ವಲ್ಪ ದೂರ ಕಾರು, ಸ್ವಲ್ಪ ನಡಿಗೆ. ಸಾಯಂಕಾಲ ಯಾವುದಾದ್ರೂ ಹಳ್ಳೀಲಿ ಯಾರ ಮನೇಲಾದ್ರೂ ಉಳ್ಕೊಳ್ಳೋದು. ನಿಧಾನದ ಟೂರು" ಎಂದ.

ನಿಧಾನ! ಈ ಬಾಯಲ್ಲಿ ಈ ಮಾತು! ನಾನು ಹಣೆ ಮುಟ್ಟಿ ನೋಡಿದೆ. ಜ್ವರ ಇರಲಿಲ್ಲ.

"ಯಾರ್ಯಾರು ಬರ್ತಾರೆ?"

"ನಿನ್ನ ಚಿಕ್ಕಮ್ಮ" ಎಂದು ಮೆಲ್ಲಗೆ ಹೇಳಿದ.

ಕಷ್ಟ ಇದ್ದದ್ದು ಅಲ್ಲೇ. ಚಿಕ್ಕಮ್ಮನಿಗೆ ಎರಡೂ ಮಂಡಿ ಆಪರೇಷನ್ ಆಗಿ ಆರು ತಿಂಗಳಾಗಿತ್ತು. ಮಂಡಿ ಹೊಸದು, ಜೋರಾಗಿದೆ, ನಡೀರಿ ನಡೀರಿ ಎಂದು ಡಾಕ್ಟರು ಬಡಿದುಕೊಳ್ಳುತ್ತಿದ್ದರು. ಇವಳು ಮಾತ್ರ ಮಂಚದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಮಂಚಕ್ಕೆ. ಹೊಸ್ತಿಲು ದಾಟಲು ಭಯ. ಹೀಗೇ ಕೂತರೆ ಕಾಲು ಕಾಯಂ ಆಗಿ ಹಿಡಿದುಕೊಳ್ಳುತ್ತದೆ ಎಂದು ಡಾಕ್ಟರು ಕೊನೇ ಸಲ ಗದರಿಸಿಯೇ ಕಳಿಸಿದ್ದರು. ಟೂರಿನ ವಿಷಯ ಎತ್ತಿದ್ದಕ್ಕೆ ಅವಳು ಕೊಟ್ಟ ಉತ್ತರ ಇದು:

"ನಾನು ಹತ್ತು ಹೆಜ್ಜೆ ಹಿಂದೆ ಬಿದ್ರೆ ನಿಮ್ಮ ಚಿಕ್ಕಪ್ಪ ಪಕ್ಕದ ಊರಲ್ಲಿರ್ತಾರೆ. ಈ ಕಾಲಲ್ಲಿ ಓಡಿ ಹಿಡಿಯೋರು ಯಾರು? ಒಂದ್ಸಲ ಓಡಿದ್ದು ಸಾಕು."

ಆ ಒಂದು ಸಲದ ಕಥೆ ನಮ್ಮ ವಂಶದಲ್ಲೆಲ್ಲ ಪ್ರಸಿದ್ಧ. ಮದುವೆಯಾದ ಹೊಸದು. ಚಿಕ್ಕಮ್ಮನ ತವರು ತ್ಯಾಮಗೊಂಡ್ಲು ದಾಟಿದರೆ ಸಿಗುವ ಒಂದು ಹಳ್ಳಿ. ತವರಿಗೆ ಹೋಗಿದ್ದವಳು ಗಂಡನ ಬಸ್ಸಿಗೇ ವಾಪಸ್ ಬರೋಣ ಎಂದು ದೊಡ್ಡದೊಂದು ಹಲಸಿನ ಹಣ್ಣು ಸೊಂಟಕ್ಕೇರಿಸಿಕೊಂಡು ಓಡೋಡಿ ಬಂದಿದ್ದಾಳೆ. ಹತ್ತೇ ಹೆಜ್ಜೆ ಬಾಕಿ. ಚಿಕ್ಕಪ್ಪ ಕನ್ನಡಿಯಲ್ಲಿ ಹೆಂಡತಿಯನ್ನೂ ನೋಡಿದ, ಹಲಸನ್ನೂ ನೋಡಿದ, ಗಡಿಯಾರವನ್ನೂ ನೋಡಿದ. ಹಿಂದೆ ನಾಲ್ಕು ನಿಮಿಷಕ್ಕೆ ಇನ್ನೊಬ್ಬರ ಬಸ್ಸು ಬರುತ್ತಿದೆ. ತಡ ಮಾಡಿದರೆ ಮುಂದಿನ ಸ್ಟಾಪಿನ ಜನ ಅದಕ್ಕೆ ಹತ್ತಿಬಿಡುತ್ತಾರೆ. ಕಂಡಕ್ಟರ್ ಬಾಯಿ ಬಿಡುವ ಮೊದಲೇ ತಾನೇ "ರೈಟ್!" ಎಂದು ಗೇರು ಹಾಕಿದ.

ಚಿಕ್ಕಮ್ಮ ಏನು ಕಡಿಮೆಯವಳೇ? ಹಿಂದಿನ ಬಸ್ಸಿಗೇ ಹತ್ತಿದಳು. ಆ ಬಸ್ಸು ದೊಡ್ಡಬೆಳವಂಗಲದ ಹತ್ತಿರ ಇವನ ಬಸ್ಸನ್ನು ಹಿಂದಕ್ಕೆ ಹಾಕಿತು. ಹಾಕುವಾಗ ಕಿಟಕಿಯಲ್ಲಿ ಹಲಸಿನ ಹಣ್ಣನ್ನು ಎತ್ತಿ ತೋರಿಸಿದಳಂತೆ! ಎರಡೂ ಬಸ್ಸಿನ ಜನ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಆ ಹಣ್ಣಿನ ಒಂದೇ ಒಂದು ತೊಳೆಯೂ ಮನೆಗೆ ಬರಲಿಲ್ಲ, ಎದುರಾಳಿ ಬಸ್ಸಿನಲ್ಲೇ ಹಂಚಿಹೋಯಿತು. ಅಂದಿನಿಂದ ಚಿಕ್ಕಪ್ಪ ಕೆಲಸ ಬಿಡುವವರೆಗೂ ಅವಳು ತವರಿಗೆ ಹೋಗಿದ್ದು ಬಂದಿದ್ದು ಎಲ್ಲ ಆ ಬಸ್ಸಲ್ಲೇ.

"ಹೆಂಡ್ತಿಗೋಸ್ಕರ ನಿಲ್ಸಿದ್ರೆ ಪ್ಯಾಸೆಂಜರ್ ಏನಂತಾರೆ?" ಎಂಬ ಒಂದೇ ವಾದವನ್ನು ಚಿಕ್ಕಪ್ಪ ಇಷ್ಟು ವರ್ಷ ಮಂಡಿಸಿಕೊಂಡು ಬಂದಿದ್ದ. ನ್ಯಾಯಾಧೀಶರು ಒಪ್ಪಿರಲಿಲ್ಲ.

ಅವಳು ಬರಲಿ ಬಿಡಲಿ, ಪ್ಲಾನ್ ಮಾಡುತ್ತೇನೆ ಎಂದು ಇವನು ಹಠ ಹಿಡಿದ. ದೇವನಹಳ್ಳಿ ಕಡೆ ಹಳ್ಳಿ ಜೀವನ ತೋರಿಸುವ ರೆಸಾರ್ಟ್ ಇದೆ, ಪೇಟ ಸುತ್ತಿ ಗಾಡಿಯಲ್ಲಿ ಕೂರಿಸುತ್ತಾರೆ ಎಂದು ನಾನೇ ನಂಬರು ಹುಡುಕಿ ಕೊಟ್ಟೆ. ಚಿಕ್ಕಪ್ಪ ಫೋನು ಮಾಡಿ ಕೇಳಿದ ಮೊದಲ ಪ್ರಶ್ನೆ, "ಕಕ್ಕಸಲ್ಲಿ ಹಿಡ್ಕೊಂಡು ಏಳೋಕೆ ಕಂಬಿ ಐತಾ?" ಆ ಕಡೆಯ ಹುಡುಗಿ ಪಾಪ, ಸ್ವಿಮ್ಮಿಂಗ್ ಪೂಲ್ ಇದೆ ಸಾರ್ ಎಂದಳು. "ಅದಕ್ಕಾದ್ರೂ ಕಂಬಿ ಐತಾ?" ಎಂದ. ಮಾತುಕತೆ ಮುರಿದುಬಿತ್ತು.

ಕೊನೆಗೆ ನಾವೇ ಹಳ್ಳಿಹಳ್ಳಿ ತಿರುಗಿ ಮನೆ ಹುಡುಕುವುದು ಎಂದಾಯಿತು. ಪ್ರತಿ ಭಾನುವಾರ ನಾನು ಡ್ರೈವರ್, ಚಿಕ್ಕಪ್ಪ ಸಾಹೇಬ. ಮೂವತ್ತರ ಮೇಲೆ ಮುಳ್ಳು ಹೋದರೆ ಸಾಕು, "ಯಾಕವ್ವಾ, ಎಲ್ಲಾದ್ರೂ ಬೆಂಕಿ ಬಿದ್ದೈತಾ?" ಎನ್ನುತ್ತಿದ್ದ. ಇದನ್ನು ಯಾರು ಹೇಳುತ್ತಿರುವುದು ಎಂದು ನಾನು ರಸ್ತೆಗೇ ಕೇಳಬೇಕು!

ಸರಿ, ಮೊದಲ ಹಳ್ಳಿಯಲ್ಲಿ ಇಳಿದವನೇ ಜೇಬಿನಿಂದ ದರ್ಜಿಯವರ ಟೇಪು ತೆಗೆದ. ಒಂದು ಮನೆಯ ಜಗಲಿ ಅಳೆದ. ಅರಳಿಕಟ್ಟೆ ಅಳೆದ. ಅಲ್ಲಿಂದ ಮೋರಿಕಟ್ಟೆಯವರೆಗೆ ಗಟ್ಟಿಯಾಗಿ ಹೆಜ್ಜೆ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

ಸ್ವಾಮೀ, ನಮ್ಮ ಸೀಮೆಯಲ್ಲಿ ಏನು ಬೇಕಾದರೂ ಮಾಡಿ, ಟೇಪು ಮಾತ್ರ ತೆಗೆಯಬೇಡಿ! ಇವತ್ತು ರಿಂಗ್ ರೋಡು, ನಾಳೆ ಕಾರ್ಖಾನೆ ಎಂದು ಕೇಳಿ ಕೇಳಿ ಜನರ ಜೀವ ಕೈಯಲ್ಲಿರುತ್ತದೆ. ಐದು ನಿಮಿಷದಲ್ಲಿ ಊರೇ ಸೇರಿತು.

"ಯಾವ ರೋಡಿಗೆ ಸ್ವಾಮಿ ಸರ್ವೆ? ಎಷ್ಟು ಮನೆ ಹೋಗ್ತವೆ?"

"ನನ್ ಜಗಲಿ ಮೇಲೆ ರೋಡ್ ಬಂದ್ರೆ, ನಾನು ನಿನ್ ಮೇಲೆ ಬರ್ತೀನಿ!" ಎಂದು ಅಜ್ಜಿಯೊಬ್ಬಳು ಪೊರಕೆ ಎತ್ತಿದಳು.

ಮತ್ತೊಬ್ಬ ಚಿಕ್ಕಪ್ಪನನ್ನು ಮೆಲ್ಲಗೆ ಪಕ್ಕಕ್ಕೆ ಕರೆದ. "ಸಾರ್, ನಂದೂ ಎರಡೆಕರೆ ಪಕ್ಕದಲ್ಲೇ ಐತೆ. ರೋಡನ್ನ ಸ್ವಲ್ಪ ಈ ಕಡೆ ತಿರುಗಿಸ್ಕೊಳ್ಳಿ" ಎಂದು ಎಳನೀರು ಕೆತ್ತಿ ಕೊಟ್ಟ. ಚಿಕ್ಕಪ್ಪ ಅದನ್ನು ಕುಡಿದೂಬಿಟ್ಟ!

ಅಷ್ಟರಲ್ಲಿ ಹಿಂದಿನಿಂದ ಒಂದು ಧ್ವನಿ ಬಂತು. "ಲೇ, ಸರ್ವೆಯೋನಲ್ಲ ಕಣ್ರೋ! ಇವ್ನು ಆ ಬಸ್ ಡ್ರೈವರ್ರು! ಪರೀಕ್ಷೆ ದಿನ ನನ್ನ ಬಿಟ್ಟು ಹೋಗಿದ್ನಲ್ಲ, ಅವ್ನೇ!"

ಭಯ ಹೋಗಿ ಬೈಗುಳ ಶುರುವಾಯಿತು. ಆ ಊರಿನಲ್ಲಿ ಚಿಕ್ಕಪ್ಪ ಬಿಟ್ಟು ಹೋಗದ ಒಂದು ನರಪಿಳ್ಳೆಯೂ ಇರಲಿಲ್ಲ. ಒಬ್ಬನಂತೂ, "ನಿನ್ನಿಂದ ಹೆಣ್ಣು ನೋಡೋಕೆ ಲೇಟಾಗಿ ಆ ಸಂಬಂಧ ತಪ್ಪೋಯ್ತು. ಆಮೇಲೆ ಇವಳನ್ನ ಮಾಡ್ಕೊಂಡೆ" ಎಂದ. ಒಳಗಿನಿಂದ ಅವನ ಹೆಂಡತಿ, "ನಿನಗೆ ಒಳ್ಳೇದೇ ಆಯ್ತು. ನನ್ ಗತಿ ಹೇಳು!" ಎಂದಳು.

ಪೊರಕೆ ಅಜ್ಜಿ ನಕ್ಕು ನಕ್ಕು ಪೊರಕೆ ಕೆಳಗಿಟ್ಟಳು. ಟೂರಿನ ವಿಷಯ ತಿಳಿದ ಮೇಲೆ, "ನಮ್ಮನೇಗೇ ಬನ್ನಿ. ಹುರುಳಿಕಾಳಿನ ಸಾರು ಮಾಡ್ತೀನಿ. ಅದ್ಸರಿ, ಹೆಂಡ್ತೀನೂ ಎಲ್ಲಾದ್ರೂ ಬಿಟ್ಟು ಹೋಗಿದ್ಯೇನಪ್ಪಾ?" ಎಂದಳು.

ಚಿಕ್ಕಪ್ಪ ಟೇಪನ್ನು ಸುತ್ತಿ ಸುತ್ತಿ ಜೇಬಿಗಿಟ್ಟುಕೊಂಡ.

ಹೀಗೇ ಎಲ್ಲ ಹಳ್ಳಿ ಸುತ್ತಿ ಮುಗಿಸಿದ ಭಾನುವಾರ, ಬರುವಾಗ ನೋಟ್‌ಬುಕ್ಕು ಕಾರಿನಲ್ಲೇ ಉಳಿದಿತ್ತು. ಓದಿದೆ. ಓದಬಾರದಿತ್ತು, ಆದರೆ ಟೀಚರ ಕೈಗೆ ನೋಟ್‌ಬುಕ್ಕು ಸಿಕ್ಕರೆ ಬಿಡುತ್ತಾರೆಯೇ? "ಅರಳಿಕಟ್ಟೆ, ಹದಿನೆಂಟು ಇಂಚು, ಕೂರಬಹುದು. ಮೋರಿಕಟ್ಟೆ, ಹನ್ನೆರಡು ಇಂಚು, ಏಳೋಕೆ ಕಷ್ಟ, ಬೇಡ. ಹಾಲಿನ ಡೇರಿ ಜಗಲಿ, ಹನ್ನೊಂದು ಗಂಟೆವರೆಗೂ ನೆರಳು." ಮೊದಲ ದಿನ ನೂರು ಹೆಜ್ಜೆ. ಎರಡನೇ ದಿನ ನೂರೈವತ್ತು. ಕೊನೆಯ ಪುಟದಲ್ಲಿ ಅಡಿಗೆರೆ ಎಳೆದು ಬರೆದಿದ್ದ: "ಒಟ್ಟು ಸ್ಟಾಪು, ನಲವತ್ತಮೂರು." ಬಸ್ಸು ಓಡಿಸುವಾಗ ದಾರಿಯ ಹನ್ನೊಂದು ಸ್ಟಾಪಿಗೇ ಗೊಣಗುತ್ತಿದ್ದ ಮನುಷ್ಯ!

ಆ ನೋಟ್‌ಬುಕ್ಕನ್ನು ನಾನು ಚಿಕ್ಕಮ್ಮನ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬದ ಪಕ್ಕ ಮರೆತು ಬಂದೆ. ಎಷ್ಟು ಜಾಗ್ರತೆಯಿಂದ ಮರೆತೆ ಎಂದರೆ, ಬೇಕಾದ ಪುಟ ತೆರೆದಿಟ್ಟು ಮರೆತೆ.

ಮಾರನೇ ದಿನ ಚಿಕ್ಕಮ್ಮನದೇ ಫೋನು. "ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು" ಎಂದು ಶುರು ಮಾಡಿದಳು. ಸ್ವಲ್ಪ ಹೊತ್ತು ಮೂಗೇರಿಸುವ ಸದ್ದು. ಆಮೇಲೆ, "ಎಂಟು ದಿನಕ್ಕೆ ಎಷ್ಟು ಸೀರೆ ಇಟ್ಕೊಳ್ಳಲಿ? ಆದ್ರೆ ಒಂದು ಮಾತು ಹೇಳು ಅವರಿಗೆ. ಟೂರು ನನ್ನ ತವರೂರ ಬಸ್‌ಸ್ಟಾಪಿಂದ ಶುರುವಾಗಬೇಕು. ಎಲ್ಲಿ ಬಿಟ್ಟು ಹೋಗಿದ್ರೋ ಅಲ್ಲಿಂದ."

ಎರಡು ತಿಂಗಳು ಕೂತು ಬರೆದ ಪ್ಲಾನನ್ನು ಚಿಕ್ಕಪ್ಪ ತಲೆಕೆಳಗು ಮಾಡಿ ಮತ್ತೆ ಬರೆದ. ಒಂದು ಸಲವೂ ಗೊಣಗಲಿಲ್ಲ.

ರಜೆ ಬಂತು. ಮೊದಲ ದಿನದ ನೂರು ಹೆಜ್ಜೆ ಚಿಕ್ಕಮ್ಮನ ತಮ್ಮನ ಮನೆಯಿಂದ ಬಸ್‌ಸ್ಟಾಪಿಗೆ. ನಾನು ಅವಳ ಪಕ್ಕದಲ್ಲಿದ್ದೆ. ಮೊದಲ ಐವತ್ತು ಹೆಜ್ಜೆ ನನ್ನ ಕೈ ಹಿಡಿದಿದ್ದಳು. ಆಮೇಲೆ ತಾನೇ ಬಿಟ್ಟಳು. ಕೊನೆಯ ಹತ್ತು ಹೆಜ್ಜೆಗೆ ರಸ್ತೆ ದಾಟಬೇಕು. ಆಚೆ ಬದಿಯಲ್ಲಿ ಚಿಕ್ಕಪ್ಪ ಇಸ್ತ್ರಿ ಮಾಡಿದ ಹಳೆಯ ಖಾಕಿ ಶರ್ಟು ಹಾಕಿಕೊಂಡು ನಿಂತಿದ್ದ.

ಅವಳು ರಸ್ತೆಗೆ ಕಾಲಿಟ್ಟಳು, ತಿರುವಿನಲ್ಲಿ ಬಸ್ಸೊಂದು ಹಾರನ್ ಬಾರಿಸುತ್ತಾ ಬಂತು. ಚಿಕ್ಕಮ್ಮ ಅಲ್ಲೇ ಕಂಬವಾದಳು. ಚಿಕ್ಕಪ್ಪ ಒಂದೇ ಜಿಗಿತಕ್ಕೆ ರಸ್ತೆಯ ನಡುವೆ ಬಂದು ಎರಡೂ ಕೈ ಅಗಲಿಸಿ, "ಹೋಲ್ಡಾನ್!" ಎಂದು ಕೂಗಿದ. ಬಸ್ಸು ನಿಂತಿತು.

"ಯಜಮಾನ್ರೇ, ಟೈಮಾಯ್ತು! ಹಿಂದೆ ಇನ್ನೊಂದು ಗಾಡಿ ಬರ್ತಾ ಐತೆ!" ಎಂದು ಡ್ರೈವರು ಕಿರುಚಿದ.

"ಬರ್ಲಿ ಬಿಡಪ್ಪಾ" ಎಂದ ಚಿಕ್ಕಪ್ಪ. "ನನ್ ಹೆಂಡ್ತಿ ಬರ್ತಾವ್ಳೆ."

ನನಗೆ ನಗು ಬರಬೇಕಿತ್ತು. ಕಣ್ಣು ತುಂಬಿ ಬಂತು. ಚಿಕ್ಕಮ್ಮ ಸೆರಗು ಸರಿ ಮಾಡಿಕೊಂಡು ಹೊರಟಳು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಬಸ್ಸಿನವರೆಲ್ಲ ಕಿಟಕಿಯಿಂದ ಇಣುಕಿ ನೋಡುತ್ತಿದ್ದರು. ಹತ್ತು ಹೆಜ್ಜೆಗೆ ಒಂದು ನಿಮಿಷ ಧಾರಾಳ ಸಾಕು, ಅವಳ ಕಾಲು ಅಷ್ಟು ಚೆನ್ನಾಗಿಯೇ ಇತ್ತು. ಅವಳು ನಾಲ್ಕು ನಿಮಿಷ ತೆಗೆದುಕೊಂಡಳು, ಬೇಕಂತಲೇ. ನಡುವೆ ನಿಂತು ಚಪ್ಪಲಿಯಲ್ಲಿ ಇಲ್ಲದ ಕಲ್ಲನ್ನೂ ಒಮ್ಮೆ ಕೊಡವಿದಳು.

ಚಿಕ್ಕಪ್ಪ ಕೈ ಇಳಿಸಲಿಲ್ಲ. ಕಾದ.