ದಯವಿಟ್ಟು ಚಪ್ಪಲಿ ಬಿಡಬೇಡಿ

ನಮ್ಮ ಸೋದರಮಾವನಷ್ಟು ದೊಡ್ಡ ಮನುಷ್ಯ ಇಡೀ ರಾಯಚೂರು ಜಿಲ್ಲೆಯಲ್ಲಿ ಇನ್ನೊಬ್ಬ ಇಲ್ಲ. ಅವ್ವನ ತವರಿನ ಅಭಿಮಾನದಿಂದ ಹೇಳುತ್ತಿದ್ದೇನೆ ಎಂದು ನಗಬೇಡಿ. ನೀವೇ ಹೇಳಿ, ವಿಜಯನಗರದ ಅರಸನ ತಲೆಯ ಮೇಲೆ ದಿನಾ ಬೆಳಿಗ್ಗೆ ಕೊಡ ಎತ್ತಿ ನೀರು ಸುರಿಯುವ ಅಧಿಕಾರ ಬೇರೆ ಯಾರಿಗಿದೆ? ಸುರಪುರದ ದೊರೆಯ ಕಿರೀಟದಲ್ಲಿ ಗೂಡು ಕಟ್ಟಲು ಬಂದ ಗುಬ್ಬಿಗೆ "ಏಯ್, ಸರಕಾರಿ ಜಾಗಾ ಅಂತ ತಿಳಿದಿಯೇನು?" ಎಂದು ಗದರಿಸುವವರು ಯಾರಿದ್ದಾರೆ? ಕಿತ್ತೂರಿನ ರಾಣಿಯ ಕುದುರೆಯ ಬಾಲಕ್ಕೆ ಒದ್ದೆ ಟವೆಲ್ಲು ಒಣಹಾಕುವ ಸಲಿಗೆಯನ್ನಂತೂ ಬ್ರಿಟಿಷರೂ ತೋರಿಸಿರಲಿಲ್ಲ!

ಗಾಬರಿ ಬೇಡ, ಈ ಅರಸರೆಲ್ಲ ಸಿಮೆಂಟಿನವರು. ಮಸ್ಕಿಯಿಂದ ಪಾಮನಕಲ್ಲೂರಿನ ಕಡೆಗೆ ಹೋಗುವ ದಾರಿಯಲ್ಲಿ ಮಾವನ ತೊಗರಿ ಹೊಲವಿದೆ. ರಸ್ತೆಗೆ ಹತ್ತಿದ ಪಟ್ಟಿಯನ್ನು ಅವನು ರಾಜರಿಗೂ ಸೈನಿಕರಿಗೂ ಬಿಟ್ಟುಕೊಟ್ಟು ತಾನು ಹಿಂದಿನ ಪಟ್ಟಿಗೆ ಸರಿದಿದ್ದಾನೆ. ಹೊಸ ಸಿಮೆಂಟಿಗೆ ನೀರು ಕುಡಿಸದಿದ್ದರೆ ಬಿರುಕು ಬಿಡುತ್ತದೆ ಎಂದು ಮೂರ್ತಿ ಮಾಡುವವನು ಒಂದು ಸಲ ಹೇಳಿದ್ದ. ಕೆಲವು ದಿನಗಳ ಮಟ್ಟಿಗೆ ಹೇಳಿದ ಆ ಮಾತನ್ನು ಮಾವ ಜನ್ಮದ ಮಟ್ಟಿಗೆ ಹಿಡಿದುಕೊಂಡ. ಇವತ್ತಿಗೂ ಹೊತ್ತು ಮೂಡುವ ಮುಂಚೆ ಅರಸರಿಗೆಲ್ಲ ಜಳಕ. ನಮ್ಮ ಅತ್ತೆ ಬಾಗಿಲಲ್ಲಿ ನಿಂತು ನನಗೆ ಹೇಳುತ್ತಾಳೆ: "ಕೈ ಹಿಡದಾಕಿ ಬೆನ್ನು ಒಂದಿನ ತಿಕ್ಕಲಿಲ್ಲ ಈ ಮನಶ್ಯಾ. ಈಗ ಯಾವನೋ ಚಕ್ರವರ್ತಿ ಕಂಕುಳಾ ತೊಳಿಯಾಕತ್ತಾನ ನೋಡವಾ!"

ಮಾವ ಮಿಲಿಟರಿಯವನಲ್ಲ. ವಯಸ್ಸಿನಲ್ಲಿ ಭರ್ತಿಗೆ ಓಡಿದ್ದನಂತೆ, ಎದೆಯ ಅಳತೆ ಸಾಲದೆಂದು ವಾಪಸು ಕಳಿಸಿದ್ದರಂತೆ. "ಟೇಪು ಅವರದು, ಎದಿ ನಂದು. ಟೇಪ್ ಸಣ್ಣದಿತ್ತು, ನಾ ಏನ ಮಾಡ್ಲಿ?" ಎಂಬುದು ಅವನ ವಾದ. ದೇಶ ಕಾಯುವುದು ತಪ್ಪಿ ಲಿಂಗಸುಗೂರು, ಮಸ್ಕಿ, ಸಿಂಧನೂರು ದಾರಿಯ ಬಸ್ಸು ಕಾಯ್ದ. ಬದುಕಿನುದ್ದಕ್ಕೂ ಕಂಡಕ್ಟರ್. ನಿವೃತ್ತಿಯಾದ ದಿನ ಚರ್ಮದ ಚೀಲ ಬಿಟ್ಟುಬಂದ. ಕೊರಳಿನ ಸೀಟಿಯನ್ನು ಬಿಡಲಿಲ್ಲ.

ಆ ಸೀಟಿಯ ಮೇಲೆಯೇ ಈ ಮೂರ್ತಿಗಳ ಉದ್ಯಾನ ನಡೆಯುವುದು. ಒಂದು ಊದಿದರೆ ನೋಡಲು ಬಂದವರು ನಿಲ್ಲಬೇಕು, ಎರಡು ಊದಿದರೆ ಮುಂದಿನ ರಾಜನ ಹತ್ತಿರ ಹೋಗಬೇಕು. "ಮುಂದ ಸರೀರಿ, ಮುಂದ ಸರೀರಿ, ರಾಣಿ ಬಾಜೂಕ ಜಾಗಾ ಖಾಲಿ ಐತಿ! ಚಾಲುಕ್ಯರ ಹಂತ್ಯಾಕ ಯಾರರ ಇಳಿಯೋರು ಇದ್ದೀರೇನು?" ಟಿಕೆಟ್ ಇಲ್ಲ, ಚಿಲ್ಲರೆಯ ಜಗಳವೂ ಇಲ್ಲ. ಅದೊಂದೇ ಮಾವನಿಗೆ ಸ್ವಲ್ಪ ಬೇಜಾರು.

ಆದರೆ ಅವನ ನಿಜವಾದ ಯುದ್ಧ ಚಪ್ಪಲಿಯದು. ಗೇಟಿನ ಬಳಿ ದೊಡ್ಡ ಬೋರ್ಡು ಬರೆಸಿದ್ದಾನೆ: 'ಇದು ಗುಡಿಯಲ್ಲ. ದಯವಿಟ್ಟು ಚಪ್ಪಲಿ ಬಿಡಬೇಡಿ.' ನಮ್ಮ ಕಡೆಯ ಜನ ಎತ್ತರದ ಕಟ್ಟೆಯ ಮೇಲೆ ಏನು ನಿಂತರೂ ಚಪ್ಪಲಿ ಬಿಟ್ಟು ಕೈಮುಗಿಯುವವರು, ಬೋರ್ಡು ಓದಿ ನಿಲ್ಲುತ್ತಾರೆಯೇ? ಬೋರ್ಡಿನ ಕೆಳಗೇ ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ! ಒಮ್ಮೆ ಪಾಮನಕಲ್ಲೂರಿನ ಅಜ್ಜಿಯೊಬ್ಬಳು ಚಪ್ಪಲಿಯನ್ನು ಕಂಕುಳಲ್ಲಿ ಇರುಕಿಕೊಂಡು ಒಳಗೆ ಬಂದಳು. ಮಾವ ಸೀಟಿ ಊದಿದ.

"ಮೆಟ್ಟು ಮೆಟ್ಟಿಕೋ ಬೇ ಯಮ್ಮಾ."

"ದೇವರ ಮುಂದ ಹೆಂಗ ಮೆಟ್ಲೋ ಯಪ್ಪಾ?"

"ಇಂವ ದೇವರಲ್ಲಬೇ, ರಾಜಾ."

"ರಾಜಾ ಅಂದಮ್ಯಾಲೆ ಇನ್ನೂ ಹೆಚ್ಚು ಅಂಜಬೇಕು. ದೇವರಾದ್ರ ಕ್ಷಮಾ ಮಾಡ್ತಾನ, ರಾಜಾ ಮಾಡ್ತಾನೇನು?"

ಮಾವ ಇನ್ನೊಮ್ಮೆ ಸೀಟಿ ಊದಿದ. ಮೆಟ್ಟಿಸಿಯೇ ಬಿಟ್ಟ. ಅಜ್ಜಿ ಹೆಜ್ಜೆಗೊಮ್ಮೆ ಗಲ್ಲ ಬಡಿದುಕೊಳ್ಳುತ್ತಾ ಸುತ್ತು ಹಾಕಿದಳು.

ಇನ್ನೊಮ್ಮೆ ಯಾರೋ ಮಕ್ಕಳಾಗಲಿ ಎಂದು ಹರಸಿಕೊಂಡು ಕಿತ್ತೂರಿನ ರಾಣಿಯ ಕತ್ತಿಗೆ ಪುಟ್ಟ ತೊಟ್ಟಿಲು ಕಟ್ಟಿ ಹೋಗಿದ್ದರು. ಮಾವ ಬಿಚ್ಚಿ ಎಸೆದ. ಮರುವರ್ಷ ಅದೇ ದಂಪತಿ ಕೂಸನ್ನು ಎತ್ತಿಕೊಂಡು, ಹೂರಣದ ಹೋಳಿಗೆ ಮಾಡಿಸಿಕೊಂಡು ಬರಬೇಕೇ! "ಆಕಿ ಯುದ್ಧ ಮಾಡಿದಾಕಿ, ಸೂಲಗಿತ್ತಿ ಅಲ್ಲ!" ಎಂದು ಮಾವ ಕೂಗಾಡಿದ. ಕೂಗಾಡುತ್ತಲೇ ಕೂಸನ್ನು ಎತ್ತಿಕೊಂಡ, ಸೀಟಿ ಆಡಲು ಕೊಟ್ಟ, ಎರಡು ಹೋಳಿಗೆ ತಿಂದ.

"ಒಂದು ಊದಿನಕಡ್ಡಿ ಹಚ್ಚಿದ್ರ ನಿಂದೇನು ಹೋಗ್ತೈತಿ ಮಾವಾ?" ಎಂದು ನಾನು ಕೇಳಿದ್ದೆ.

"ದೇವರು ಮಾಡಿದ್ರ ಮುಗೀತು ಬೇ. ಕಾಯಿ ಒಡೀತಾರ, ಬೇಡ್ಕೋತಾರ, ಹೋಗ್ತಾರ. ಇವರೂ ನಮ್ಮಂಗ ಮನಶ್ಯಾರಿದ್ರು, ಹಸಿವಿತ್ತು, ಅಂಜಿಕಿ ಇತ್ತು, ಮನ್ಯಾಗ ದಾರಿ ನೋಡೋರಿದ್ರು ಅಂತ ಒಬ್ಬರೂ ನೆನಸಾಂಗಿಲ್ಲ" ಎಂದ. ಮಾವ ಗಂಭೀರವಾಗಿ ಮಾತಾಡಿದರೆ ನನಗೆ ಕಸಿವಿಸಿಯಾಗುತ್ತದೆ. ನಾನು ಮಾತು ಬದಲಿಸಿದೆ.

ಮೂರ್ತಿಗಳನ್ನು ಮಾಡಿದವನು ಸಿಂಧನೂರು ಹತ್ತಿರ, ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ಬಂಗಾಳಿ. ದಸರೆಗೆ ದುರ್ಗೆಯನ್ನು ಮಾಡುವುದು ಅವರ ಮನೆತನದ ಕಸುಬು. ಹೀಗಾಗಿ ನಮ್ಮ ಅರಸರಿಗೆಲ್ಲ ಕಿವಿಯ ತನಕ ಹರಿದ ಕಣ್ಣು, ತುಟಿಯ ಮೇಲೆ ತಾಯಿಯ ನಗೆ. ಚಾಲುಕ್ಯ ದೊರೆ ಶತ್ರುವನ್ನು ಕಡಿಯುತ್ತಿದ್ದಾನೋ ಹರಸುತ್ತಿದ್ದಾನೋ ತಿಳಿಯುವುದಿಲ್ಲ. ರಾಣಿಯ ಕುದುರೆಗಂತೂ ಸಿಂಹದ ಮುಖ ಬಂದಿದೆ.

"ಏನ್ ಮಾಡ್ಲಿ ಕಾಕಾ, ನಮ್ಮ ಕೈಗೆ ಸಿಂಹ ರೂಢಿ. ಕುದುರಿ ಮಾಡಾಕ ಕುಂತ್ರೂ ಅದ ಬರ್ತೈತಿ."

"ಇರಲಿ ಬಿಡು ತಮ್ಮಾ. ಯುದ್ಧದ ಕುದುರಿ ಟಾಂಗಾದ ಕುದುರಿಯಂಗ ಇರತೈತೇನು?" ಎಂದು ಮಾವ ಸಮಾಧಾನ ಹೇಳಿದ.

ಎಲ್ಲರಿಗಿಂತ ಕಾಡಿದವನು ನಮ್ಮ ಮಸ್ಕಿಯ ಬಂಡೆಯ ಮೇಲೆ ಹೆಸರು ಕೊರೆಸಿದ ಚಕ್ರವರ್ತಿ. ಯುದ್ಧವನ್ನೇ ಬಿಟ್ಟವನಿಗೆ ಕತ್ತಿ ಕೊಡಬೇಕೋ ಬೇಡವೋ? ಕೊಟ್ಟರೆ ಚರಿತ್ರೆಗೆ ಅವಮಾನ, ಕೊಡದಿದ್ದರೆ ಸಾಲಿನಲ್ಲಿ ಅವನೊಬ್ಬನೇ ಖಾಲಿಗೈ. ಕೊನೆಗೆ ಮಾವ ಕತ್ತಿಯನ್ನು ಪಾದದ ಬಳಿ ಇಡಿಸಿ, ಬಗ್ಗಿ ಅದನ್ನು ನೋಡುವಂತೆ ಮಾಡಿಸಿದ. ಕುರಿ ಕಾಯುವವರು ನಿಂತು ನೋಡಿ, "ಪಾಪ, ಏನೋ ಕಳಕೊಂಡಾನ. ಹುಡುಕಾಕತ್ತಾನ" ಎಂದು ಮುಂದೆ ಹೋದರು.

ಈ ಸಾಲಿನ ಕೊನೆಯಲ್ಲಿ ತಾಡಪತ್ರಿ ಹೊದಿಸಿ, ಹಗ್ಗ ಸುತ್ತಿದ ಒಂದು ಮೂರ್ತಿ ವರ್ಷಗಟ್ಟಲೆ ನಿಂತಿತ್ತು. ಅದರ ಬಗ್ಗೆ ಊರಲ್ಲಿ ನೂರು ಮಾತು. ಒಳಗೆ ಮಾವನೇ ಖಾಕಿ ಹಾಕಿಕೊಂಡು ಸೀಟಿ ಹಿಡಿದು ನಿಂತಿದ್ದಾನೆ ಎಂದರು ಕೆಲವರು. ಮುಂದಿನ ಎಲೆಕ್ಷನ್ನಿನಲ್ಲಿ ಗೆಲ್ಲುವವರ ಮುಖ ಹಚ್ಚಲು ಖಾಲಿ ಇಟ್ಟಿದ್ದಾನೆ ಎಂದರು ಬುದ್ಧಿವಂತರು. ಮುಖಂಡರೊಬ್ಬರು ಮೈಕು, ಪೆಂಡಾಲು ತಂದು ತಾವೇ ಪರದೆ ಎಳೆಯುವುದಾಗಿ ಹೇಳಿಕಳಿಸಿದರು. ಮಾವ ಒಪ್ಪಲಿಲ್ಲ. "ಅದನ್ನ ತೆಗಿಯಾಕ ಒಬ್ಬರಿಗೆ ಹಕ್ಕೈತ್ರೀ. ಅವರು ಬರೂತನಕ ತೆಗಿಯಾಂಗಿಲ್ಲ" ಎಂದ.

ಆ ಒಬ್ಬರು ನಮ್ಮ ಅವ್ವ. ತಾಡಪತ್ರಿಯ ಒಳಗೆ ನಿಂತವನು ನನ್ನ ತಮ್ಮ.

ತಮ್ಮ ಸಣ್ಣವನಿದ್ದಾಗ ಶಾಲೆಗೆ ಸೂಟಿ ಬಿಟ್ಟರೆ ಮಾವನ ಬಸ್ಸಿನಲ್ಲೇ ಇರುತ್ತಿದ್ದ. ಒಂದು ಸ್ಟಾಪಿನಿಂದ ಇನ್ನೊಂದು ಸ್ಟಾಪಿಗೆ ಒಬ್ಬ ರಾಜನ ಕಥೆ. ಬಸ್ಸು ನಿಂತರೂ ಯುದ್ಧ ಮುಗಿಯದಿದ್ದರೆ ಹುಡುಗ ಇಳಿಯುತ್ತಿರಲಿಲ್ಲ. ದೊಡ್ಡವನಾದ ಮೇಲೆ ನಮ್ಮೂರು ತುರ್ವಿಹಾಳದ ಕಾಲುವೆ ದಂಡೆಯ ಮೇಲೆ ಅವನನ್ನು ಓಡಿಸಿ, ಹಾಲು ಕುಡಿಸಿ, ಭರ್ತಿಗೆ ಕರೆದೊಯ್ದವನೂ ಮಾವನೇ. ಈ ಸಲ ಟೇಪು ಸಣ್ಣದಾಗಲಿಲ್ಲ. ತಮ್ಮ ಗಡಿಗೆ ಹೋದ, ಕೆಲವು ಸಲ ರಜೆಗೆ ಬಂದ. ಆಮೇಲೊಂದು ಚಳಿಗಾಲ ಹಿಮದ ಕೆಳಗೆ ಉಳಿದುಹೋದ.

ಹಿಮದಿಂದ ತೆಗೆದು ಕಳಿಸಿದ ದೇಹವನ್ನು ಮಣ್ಣು ಮಾಡಿ ಬಂದ ದಿನ ಅವ್ವ ತನ್ನ ತಮ್ಮನಾದ ಮಾವನಿಗೆ ಇಷ್ಟೇ ಹೇಳಿದ್ದು: "ಕಥಿ ಹೇಳಿ ಹೇಳಿ ನನ್ನ ಮಗನ್ನ ಕಳಿಸಿದಿ. ನಿನ್ನ ಕಥ್ಯಾಗ ರಾಜರು ಒಬ್ಬರೂ ಸಾಯಲಿಲ್ಲ. ನನ್ನ ಮಗ ಸತ್ತ." ಅಂದಿನಿಂದ ಅವನೊಂದಿಗೆ ಮಾತು ಬಿಟ್ಟಳು.

ಮೂರ್ತಿಗಳು ಎದ್ದದ್ದು ಆಮೇಲೆ. ಮಾವ ಮೊದಲು ತಮ್ಮನೊಬ್ಬನನ್ನೇ ನಿಲ್ಲಿಸಬೇಕೆಂದಿದ್ದನಂತೆ. "ಹೊಲದಾಗ ಒಬ್ಬನ ನಿಂತ್ರ ಹುಡುಗಗ ಬ್ಯಾಸರ ಆಗತೈತಿ ಅಂತ, ಅವಗ ಸೇರತಿದ್ದ ಕಥ್ಯಾಗಿನ ರಾಜರನ್ನೆಲ್ಲಾ ಜತಿಗೆ ಕರಕೊಂಡು ಬಂದಾರವಾ" ಎಂದು ಅತ್ತೆ ಒಂದು ದಿನ ನನಗೆ ಮೆಲ್ಲಗೆ ಹೇಳಿದಳು. ಅವತ್ತು ಅವಳು ಮಾವನನ್ನು ಬೈಯಲಿಲ್ಲ.

ನಮ್ಮಲ್ಲಿ ಪಂಚಮಿ ಹಬ್ಬಕ್ಕೆ ತವರಿನವರು ಬಂದು ಹೆಣ್ಣುಮಕ್ಕಳನ್ನು ಕರೆದೊಯ್ಯಬೇಕು. ಅವ್ವ ಮಾತು ಬಿಟ್ಟರೇನಂತೆ, ಮಾವ ಕರೆಯುವುದು ಬಿಡಲಿಲ್ಲ. ಪ್ರತಿ ಪಂಚಮಿಗೂ ತುರ್ವಿಹಾಳಕ್ಕೆ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದ. ಅವ್ವ ತಂಬಿಗೆಯಲ್ಲಿ ನೀರು ತಂದಿಟ್ಟು, ಅಂಗಳದ ಎಮ್ಮೆಯ ಕಡೆ ಮುಖ ಮಾಡಿ ಹೇಳುತ್ತಿದ್ದಳು: "ರೊಟ್ಟಿ ಬಿಸಿ ಅದಾವ. ಆರಿದ್ರ ನಾ ಜವಾಬ್ದಾರಿ ಅಲ್ಲ." ಮಾವನೂ ಎಮ್ಮೆಗೇ ಹೇಳುತ್ತಿದ್ದ: "ಹಬ್ಬಕ್ಕ ಕರಿಯಾಕ ಬಂದೀನಿ ಅಂತ ನಿಮ್ಮ ಯಜಮಾನತಿಗೆ ಹೇಳಬೇ." ಅಕ್ಕ ತಮ್ಮನ ನಡುವೆ ಅಷ್ಟು ವರ್ಷ ವಕೀಲಿಕೆ ಮಾಡಿದ ಎಮ್ಮೆ ಇನ್ನೊಂದಿರಲಾರದು! ಮಾವ ಉಂಡು, ಅವ್ವ ಕಟ್ಟಿಕೊಟ್ಟ ಎಳ್ಳುಂಡಿ, ಶೇಂಗಾದುಂಡಿ ಹೊತ್ತುಕೊಂಡು ಒಬ್ಬನೇ ವಾಪಸಾಗುತ್ತಿದ್ದ.

ಹೋದ ಬೇಸಿಗೆಯಲ್ಲಿ ಅವ್ವ ರೊಟ್ಟಿ ಬಡಿಯುವಾಗ, ಆಡೊಂದು ತಾಡಪತ್ರಿಯ ಅಂಚು ತಿನ್ನಲು ಹೋಗಿ ಮಾವನಿಂದ ಸೀಟಿ ಊದಿಸಿಕೊಂಡ ಕಥೆ ಹೇಳಿ ನಗುತ್ತಿದ್ದೆ. ಅವ್ವನ ಕೈ ನಿಂತಿತು.

"ಮಾರಿ ಮುಚ್ಯಾನೇನು?"

"ಪೂರಾ ಮುಚ್ಯಾನವ್ವಾ. ನೀ ಬರೂತನಕ ತೆಗಿಯಾಂಗಿಲ್ಲಂತ."

"ಅಂವ ಸಣ್ಣಾಂವ ಇದ್ದಾಗಿಂದ ಮಾರಿ ಮ್ಯಾಲೆ ಹೊದ್ದುಕೋತಿದ್ದಿಲ್ಲ. ಉಸುರು ಕಟ್ಟತೈತಿ ಅಂತಿದ್ದ" ಎಂದಳು ಅವ್ವ. ಮತ್ತೆ ರೊಟ್ಟಿ ಬಡಿಯತೊಡಗಿದಳು.

ಆ ವರ್ಷದ ಪಂಚಮಿಗೆ ನಾನೂ ತುರ್ವಿಹಾಳದಲ್ಲಿದ್ದೆ. ಮಾವ ಬಂದ, ಉಂಡ, ಎಂದಿನಂತೆ ಎಮ್ಮೆಗೆ ಅರ್ಜಿ ಹಾಕಿದ. ಎಮ್ಮೆ ಕಿವಿ ಆಡಿಸಿತು. ಅವ್ವ ಒಳಗಿಂದ ಕೈಚೀಲ ಹಿಡಿದು ಬಂದವಳೇ ಯಾರನ್ನೂ ನೋಡದೆ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು. ಮಾವ ಒಂದು ಗಳಿಗೆ ಎಮ್ಮೆಯನ್ನು ನೋಡಿದ, ಒಂದು ಗಳಿಗೆ ನನ್ನನ್ನು ನೋಡಿದ, ಆಮೇಲೆ ಎದ್ದು ಓಡಿದ. ಬಸ್ಸು ಸಿಂಧನೂರು ದಾಟಿದ ಮೇಲೆ ನೋಡುತ್ತೇನೆ, ಊರಿಗೆಲ್ಲ ಚಪ್ಪಲಿ ಮೆಟ್ಟಿಸುವ ಮನುಷ್ಯ ಬರಿಗಾಲಲ್ಲಿ ನಿಂತಿದ್ದಾನೆ! ಮೆಟ್ಟು ನಮ್ಮ ಕಟ್ಟೆಯ ಕೆಳಗೇ ಉಳಿದಿದ್ದವು.

ಹೊಲ ಮುಟ್ಟಿದಾಗ ಸಣ್ಣಗೆ ಮಳೆ ಹನಿಯುತ್ತಿತ್ತು. ಅವ್ವ ವಿಜಯನಗರವನ್ನಾಗಲಿ ಸುರಪುರವನ್ನಾಗಲಿ ತಿರುಗಿ ನೋಡಲಿಲ್ಲ. ಮಳೆಗೆ ಬಿಗಿದ ಗಂಟು ಮಾವನಿಗೆ ಬಿಚ್ಚಲು ಬರಲಿಲ್ಲ, ಅವಳೇ ಬಿಚ್ಚಿದಳು. ತಾಡಪತ್ರಿ ಜಾರಿತು. ತಮ್ಮ ಅಲ್ಲಿದ್ದ. ಸಮವಸ್ತ್ರ, ಟೊಪ್ಪಿಗೆ, ಕಿವಿಯ ತನಕ ಹರಿದ ದುರ್ಗೆಯ ಕಣ್ಣು. ಬೂಟಿಗಂತೂ ಕ್ಯಾಂಪಿನವನು ಜೀವ ತೇಯ್ದಿದ್ದ, ಒಂದೊಂದು ಲೇಸೂ ಕಾಣುತ್ತಿತ್ತು. ಅವ್ವ ಕುಕ್ಕರುಗಾಲಲ್ಲಿ ಕುಳಿತು ಆ ಲೇಸುಗಳ ಮೇಲೆ ಕೈಯಾಡಿಸಿದಳು. ಹತ್ತಿರದಲ್ಲಿ ಎಮ್ಮೆ ಇರಲಿಲ್ಲ.

"ಬೂಟು ಯಾಕ ಹಾಕೀದಿ?" ಎಂದು ಮಾವನನ್ನೇ ಕೇಳಿದಳು.

"ಮಿಲಿಟ್ರಿಯಾಂವ ಅಲ್ಲೇನಕ್ಕಾ..."

"ಮನಿಗೆ ಬಂದ ಕೂಡ್ಲೇ ಮದಲ ಬೂಟು ಕಳೀತಿದ್ದ. ಕಟ್ಟಿ ಮ್ಯಾಲೆ ಕಾಲು ಚಾಚಿ ಕುಂತು, 'ಯವ್ವಾ, ಈಗ ಬಂದೆ ನೋಡು' ಅಂತಿದ್ದ." ಅವ್ವ ಲೇಸಿನ ಗಂಟನ್ನು ಉಗುರಿನಿಂದ ಕೆದಕಿದಳು. "ಬೂಟು ಹಾಕ್ಕೊಂಡಾನಂದ್ರ ಹೊಂಟಾನಂತ ಅರ್ಥ."

ಮಾವ ಅಳುವುದನ್ನು ನಾನು ಅವತ್ತೇ ಮೊದಲು ನೋಡಿದ್ದು. ಅವ್ವ ಸೆರಗಿನಿಂದ ತನ್ನ ಮುಖ ಒರೆಸಿಕೊಂಡು, ಅದೇ ಸೆರಗಿನಿಂದ ಅವನದನ್ನೂ ಒರೆಸಿದಳು. ಆಮೇಲೆ ಮನೆಗೆ ಹೋಗಿ ಎಲ್ಲರೂ ಹಬ್ಬದೂಟ ಮಾಡಿದೆವು.

ಮರುವಾರ ಕ್ಯಾಂಪಿನವನು ಬಂದು ಬೂಟು ಒಡೆದ. ಅಷ್ಟು ಚೆಂದದ ಲೇಸು ಹೋಯಿತಲ್ಲ ಎಂದು ಗೊಣಗಿದನಾದರೂ ಕಾಲು ಮಾತ್ರ ಮನಸ್ಸಿಟ್ಟು ಮಾಡಿದ. ಅವ್ವ ಪಕ್ಕದಲ್ಲೇ ಕುಳಿತು, ಎಡಗಾಲಿನ ಹೆಬ್ಬೆರಳು ಎಡವಿ ಎಡವಿ ಹೇಗೆ ಚಪ್ಪಟೆಯಾಗಿತ್ತೆಂದು ಹೇಳಿ ಮಾಡಿಸಿದಳು. ಹಸಿ ಸಿಮೆಂಟಿಗೆ ನೀರು ಕುಡಿಸುವ ಕೆಲಸ ಯಾರದ್ದೆಂದು ಹೇಳಬೇಕಾಗಿಲ್ಲ.

ಈಗಲೂ ಗೇಟಿನಲ್ಲಿ ಬೋರ್ಡಿದೆ, ಮಾವನ ಕೊರಳಲ್ಲಿ ಸೀಟಿಯಿದೆ. ಮೊನ್ನೆ ಪಾಮನಕಲ್ಲೂರಿನ ಅದೇ ಅಜ್ಜಿ ಮೊಮ್ಮಗಳೊಂದಿಗೆ ಬಂದಿದ್ದಳು. ಈ ಸಲ ಹೇಳಿಸಿಕೊಳ್ಳದೆಯೇ ಚಪ್ಪಲಿ ಮೆಟ್ಟಿಕೊಂಡು ಸಾಲಿನ ಕೊನೆಯವರೆಗೆ ನಡೆದವಳು ಅಲ್ಲಿ ನಿಂತು, ಸೊಂಟದ ಮೇಲೆ ಕೈಯಿಟ್ಟು ಮಾವನ ಕಡೆ ತಿರುಗಿದಳು.

"ಏನೋ ಯಪ್ಪಾ, ನನಗ ಬೈದು ಮೆಟ್ಟಿಸಿದಿ. ರಾಜರಿಗೆಲ್ಲಾ ಜೋಡು ಹಾಕೀದಿ. ಈ ಹುಡುಗನ್ನ ಯಾಕ ಬರಿಗಾಲಿಲೆ ನಿಲ್ಲಿಸೀದಿ?"

ಮಾವ ಬಾಯಿಯಿಂದ ಸೀಟಿ ತೆಗೆದ.

"ಅಂವ ಸೂಟಿ ಮ್ಯಾಲೆ ಮನಿಗೆ ಬಂದಾನಬೇ ಯಮ್ಮಾ."