ಗೊಣಗಿದವರ ಕೊರಳಿಗೆ ಸೀಟಿ

ಗೊಣಗುವುದು ನನ್ನ ಹುಟ್ಟುಗುಣ. ಕಾಫಿ ಬಿಸಿಯಾಗಿದ್ದರೆ ನಾಲಿಗೆ ಸುಟ್ಟಿತೆಂದು ಗೊಣಗುತ್ತೇನೆ, ಆರಿದ್ದರೆ ಆರಿತೆಂದು. ಇದರಿಂದ ಯಾರಿಗೂ ಮೂರು ಕಾಸಿನ ಪ್ರಯೋಜನವಿಲ್ಲ ಎಂಬುದು ನನ್ನ ಹೆಂಡತಿ ಸರೋಜಳ ತೀರ್ಮಾನ. ಆದರೆ ತೊಂಬತ್ತರ ದಶಕದ ಕೊನೆಯಲ್ಲಿ ನಾವು ತುಮಕೂರಿನ ಉಪ್ಪಾರಹಳ್ಳಿಗೆ ಮನೆ ಬದಲಿಸಿದ ಮೇಲೆ ಈ ಗುಣಕ್ಕೂ ಒಂದು ಉದ್ಯೋಗ ಸಿಕ್ಕಿತು.

ವಾರವೆಲ್ಲ ಗುಬ್ಬಿಯ ಆಫೀಸಿಗೆ ಬಸ್ಸಿನಲ್ಲಿ ನಿಂತೇ ಹೋಗಿಬರುವ ನನಗೆ ಭಾನುವಾರ ಮಧ್ಯಾಹ್ನದ ನಿದ್ದೆಯೊಂದೇ ಆಸ್ತಿ. ಎದುರಿನ ಖಾಲಿ ಸೈಟಿನಲ್ಲಿ ಯುವಜನ ಸಂಘದವರು ಸರಿಯಾಗಿ ಅದೇ ಹೊತ್ತಿಗೆ ವಾಲಿಬಾಲ್ ಶುರುಮಾಡಿ, ಕಿವಿ ತೂತಾಗುವಂತೆ ಸೀಟಿ ಊದುತ್ತಿದ್ದರು. ಸಂಘ ನಡೆಸುತ್ತಿದ್ದವರು ವೆಲ್ಡಿಂಗ್ ಅಂಗಡಿಯ ನೂರ್ ಅಹ್ಮದ್. ಒಂದು ಭಾನುವಾರ ಲುಂಗಿ ಬಿಗಿದುಕೊಂಡು ಅವರ ಮುಂದೆ ಹೋಗಿ ನಿಂತೆ.

"ಏನ್ರೀ, ಹೊತ್ತು ಗೊತ್ತು ಇಲ್ವಾ? ಸೀಟಿ ಊದೋದಕ್ಕೂ ಒಂದು ಕ್ರಮ ಬೇಡ್ವಾ?"

ನೂರ್ ಅವರು ತಮ್ಮ ಕೊರಳಿನ ಸೀಟಿ ತೆಗೆದು ನನ್ನ ಕೊರಳಿಗೆ ಹಾಕಿದರು. "ನಿಜ ಸಾರ್. ನಮ್ಮಲ್ಲಿ ಒಂದೇ ರೂಲು. ಯಾರಿಗೆ ಕೊರತೆ ಕಾಣ್ಸುತ್ತೋ ಆ ಕೆಲ್ಸ ಅವ್ರದ್ದೇ. ನೀವೇ ಕ್ರಮವಾಗಿ ಊದಿ."

ಹೀಗೆ ನಾನು ಅಂಪೈರ್ ಆದೆ. ಸುತ್ತ ನೋಡಿದರೆ ಎಲ್ಲರೂ ಇದೇ ಬಲೆಗೆ ಬಿದ್ದವರೇ. ಹುಡುಗರ ಇಂಗ್ಲಿಷ್ ಕೇಳಿ ನಕ್ಕ ಕುಣಿಗಲ್‌ನ ಮೇಡಂ ಈಗ ಸಂಜೆ ಪಾಠ ಹೇಳುತ್ತಿದ್ದರು. ಸೈಟಿನಲ್ಲಿ ಗಿಡಗಂಟಿ ಬೆಳೆದಿದೆಯೆಂದು ಬೈದ ಮರದ ವ್ಯಾಪಾರಿ ಆಳು ಕಳಿಸಿ ಸವರಿಸುತ್ತಿದ್ದರು. ಸಂಘ ನಡೆಸುವ ಬೇಸಿಗೆ ಶಿಬಿರದ ಚಟ್ನಿಗೆ ಕಾಯಿ ಸಾಲದೆಂದ ಚೇಳೂರಿನ ಗೌಡರ ತೋಟದಿಂದ ಮೂಟೆ ಬರುತ್ತಿತ್ತು. ಯಾರಿಗೂ ಸಂಬಳವಿಲ್ಲ, ಬಸ್ ಚಾರ್ಜೂ ಇಲ್ಲ. ಬೇರೆ ಸಂಘಗಳಲ್ಲಿ ಕುರ್ಚಿಗಾಗಿ ಬಡಿದಾಡಿದರೆ ಇಲ್ಲಿ ಬಾಯಿಬಿಟ್ಟವನೇ ಪದಾಧಿಕಾರಿ. ಆ ಸಂಜೆ ಪಾಠದಲ್ಲಿ ಮೊದಲು ಹೆಸರು ಹೇಳಲೂ ತಡವರಿಸುತ್ತಿದ್ದ ಹುಡುಗಿಯರು ಸಂದರ್ಶನಕ್ಕೆ ಹೋಗಿ ಕೆಲಸ ಹಿಡಿದು ಬಂದಾಗ ನನ್ನ ಕಣ್ಣೇ ಒದ್ದೆಯಾಯಿತು. ಆ ವೆಲ್ಡಿಂಗ್ ಮನುಷ್ಯನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಆದರೂ ನಿದ್ದೆ ನಿದ್ದೆಯೇ. ಕೆಲವು ವರ್ಷಗಳ ಮೇಲೆ ಪಕ್ಕದ ಮನೆಗೆ ಯಡಿಯೂರು ಕಡೆಯ ರಂಗಪ್ಪ ಬಂದರು. ಮೊದಲ ಭಾನುವಾರವೇ ನನ್ನನ್ನು ಹಿಡಿದುಕೊಂಡರು. "ಏನ್ ಸಾರ್, ಒಂದ್ ಗಳಿಗೆ ಮನಗೋಕೂ ಬುಡಲ್ವಲ್ಲ ನೀವು?" ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ಇದನ್ನ ನೂರ್ ಅವ್ರಿಗೇ ಹೇಳ್ಬೇಕು, ಬನ್ನಿ" ಎಂದು ಕೈಹಿಡಿದು ಕರೆದೊಯ್ದೆ. ಸೀಟಿ ರಂಗಪ್ಪನವರ ಕೊರಳು ಸೇರಿತು.

ಮುಂದಿನ ಭಾನುವಾರ ಕಿಟಕಿ ಮುಚ್ಚಿ, ಚಾಪೆ ಹಾಸಿ ಮಲಗಿದೆ. ಮಗ್ಗುಲು ಬದಲಿಸಿದೆ. ಎದ್ದು ಕಿಟಕಿ ಸಂದಿಯಿಂದ ನೋಡಿದೆ. ಮತ್ತೆ ಮಲಗಿದೆ.

"ಯಾಕ್ರೀ, ಸೀಟಿ ಜೋರಾಯ್ತಾ?" ಎಂದಳು ಸರೋಜ.

"ಜೋರೇನಿಲ್ಲ ಕಣೇ. ಗೆರೆ ಮೇಲೆ ಬಿದ್ದ ಬಾಲು ಒಳಗೇ ಲೆಕ್ಕ, ಅದಕ್ಕೂ ಔಟ್ ಕೊಡ್ತಾ ಇದಾರೆ ಆ ರಂಗಪ್ಪ."

"ನನ್ ಹತ್ರ ಗೊಣಗಿದ್ರೆ ಏನ್ ಬಂತು? ಅಲ್ಲೋಗಿ ಹೇಳಿ."

ಗೊಣಗುತ್ತಲೇ ಚಪ್ಪಲಿ ಮೆಟ್ಟಿ ರಸ್ತೆ ದಾಟಿದೆ. ನೂರ್ ಅವರು ನನ್ನನ್ನು ನೋಡಿ ನಕ್ಕರು. ನಾನಿನ್ನೂ ಬಾಯಿ ತೆರೆದಿರಲಿಲ್ಲ, ಕತ್ತು ಆಗಲೇ ಬಾಗಿತ್ತು.