ಉಪಗ್ರಹ ಕಂಡ ಗುಡ್ಡ, ನಾವು ಕಂಡ ಗುಡ್ಡ

ಬೇಸಿಗೆಯಲ್ಲಿ ಬೆಂಕಿ ಬಿದ್ದು ಸುಟ್ಟ ಕುರುಚಲು ಕಾಡು ಮತ್ತೆ ಎಷ್ಟು ಚಿಗುರಿದೆ ಅಂತ ಉಪಗ್ರಹದ ಚಿತ್ರಗಳಲ್ಲಿ ನೋಡುವುದು ನನ್ನ ನೌಕರಿ. ಅನುಮಾನ ಬಂದ ಜಾಗಕ್ಕೆ ಹೋಗಿ ಕಣ್ಣಾರೆ ಕಂಡೂ ಬರಬೇಕು. ಕಂಪ್ಯೂಟರ್ ಮುಂದೆ ಕೂತಾಗ ನಗುವಂಥದ್ದೇನೂ ಆಗುವುದಿಲ್ಲ. ಜೀಪು ಹತ್ತಿದೆವೋ, ಏನಾದರೊಂದು ಆಗದೆ ಮನೆ ಸೇರಿದ್ದೇ ಕಡಿಮೆ.

ಸುಟ್ಟ ಹೊಲ

ನೆಲೋಗಿ ಹತ್ತಿರ ದೊಡ್ಡ ಜಾಗವೊಂದು ಹೊಸದಾಗಿ ಸುಟ್ಟಿದೆ ಅಂತ ಕಂಪ್ಯೂಟರ್ ಕೆಂಪು ಗುರುತು ಹಾಕಿತು. ಓಡಿದೆವು. ರೈತರೊಬ್ಬರು ಆಗಷ್ಟೇ ಉಳುಮೆ ಮಾಡಿಸಿದ ಎರೆಮಣ್ಣಿನ ಹೊಲದಲ್ಲಿ ಆರಾಮಾಗಿ ನಿಂತಿದ್ದರು.

"ಬೆಂಕಿ ಎಲ್ಲಿ ಬಿತ್ರಿ?"

"ಬೆಂಕಿ ಎಲ್ಲೀದ್ರಿ? ಇದು ಮಣ್ಣಿನ ಬಣ್ಣ."

ಚಿತ್ರ ತೋರಿಸಿದೆ. ಕರ್ರಗಿನ ಚೌಕವನ್ನು ಬಹಳ ಹೊತ್ತು ನೋಡಿ ಅಂದರು: "ನಿಮ್ಮ ಕಂಪ್ಯೂಟರಿಗೆ ಹೇಳ್ರಿ, ನಮ್ಮ ಮುತ್ಯಾನ ಕಾಲದಿಂದ ಇದು ಹಿಂಗೇ ಸುಟ್ಟಾದ. ಜೋಳ ಮಾತ್ರ ಛಲೋ ಬರ್ತದ."

ಯಾರು ಕಾಣ್ತಾರ

ಘತ್ತರಗಿ ದಾರಿಯಲ್ಲಿ ನೀರು ಕೇಳಲು ಒಂದು ಮನೆ ಮುಂದೆ ನಿಂತೆವು. ನೀರು ಕೊಟ್ಟ ಅಜ್ಜಿ ನಮ್ಮ ಕೆಲಸ ಕೇಳಿ, "ಮ್ಯಾಲಿಂದ ಮನಷ್ಯಾರೂ ಕಾಣ್ತಾರೇನ್ರಿ?" ಅಂದಳು.

"ಇಲ್ಲವ್ವ. ಇದ್ದಲ್ಲೇ ಇದ್ದು, ಅಲ್ಲಾಡದ ವಸ್ತು ಮಾತ್ರ ಕಾಣ್ತದ."

ಅಜ್ಜಿ ಕಟ್ಟೆ ಮೇಲೆ ಗೋಡೆಗೆ ಒರಗಿ ಕೂತಿದ್ದ ಗಂಡನ ಕಡೆ ತಿರುಗಿದಳು. "ಹಂಗಾರ ಇವರು ಕಂಡಿರಬೇಕು ನೋಡ್ರಿ."

ಬೋಳು ಚೌಕ

ಖಜೂರಿ ಕಡೆಯ ಗುಡ್ಡ ಸುಟ್ಟು ಎರಡು ಮಳೆಗಾಲ ಕಳೆದಿತ್ತು. ತಂಗಡಿ, ಬಾರಿ ಗಿಡಗಳು ಎಲ್ಲ ಕಡೆ ಚಿಗುರಿದ್ದವು. ನಡುವೆ ಒಂದೇ ಒಂದು ಚೌಕ ಮಾತ್ರ ಪ್ರತಿ ಚಿತ್ರದಲ್ಲೂ ಬೋಳು. ನಮ್ಮ ಸಾಹೇಬರು ನಿರ್ಧಾರ ಮಾಡಿಯೇಬಿಟ್ಟರು: "ಆಡು ಮೇಯಿಸ್ತಾರೆ. ಬೇಲಿ ಹಾಕಿಸಿ, ಯಾರನ್ನೂ ಬಿಡಬೇಡಿ."

ಆ ಗುಡ್ಡದಲ್ಲಿ ಆಡು ಮೇಯಿಸುವವಳು ಒಬ್ಬಳೇ, ಊರವರೆಲ್ಲ 'ಖಾಲಾ', ಅಂದರೆ ಚಿಕ್ಕಮ್ಮ, ಅಂತ ಕರೆಯುವ ಮುದುಕಿ. ಬೇಲಿ ಹಾಕಿದರೆ ಅವಳ ಆಡುಗಳಿಗೆ ಬೇರೆ ಗುಡ್ಡವಿರಲಿಲ್ಲ. ಸುದ್ದಿ ಹೇಳಲು ನನಗೇ ಸಂಕಟ. ಹೇಳಿದೆ. ಅವಳು ಜಗಳಕ್ಕೆ ಬರಲಿಲ್ಲ.

"ಸಾಬ್ರೆ, ನಿಮ್ಮ ಜೀಪು ಎಲ್ಲಿ ನಿಂತದ?"

ತಿರುಗಿ ನೋಡಿದೆ. ಬೋಳು ಚೌಕದ ಮಧ್ಯೆ ನಿಂತಿತ್ತು. ಪಕ್ಕದಲ್ಲೇ ಚಾಪೆ ಹಾಸಿ ನಮ್ಮ ಡ್ರೈವರು ರೊಟ್ಟಿ ಬಿಚ್ಚುತ್ತಿದ್ದ.

"ಎರಡು ವರ್ಷ ಆತು, ತಿಂಗಳಿಗೆ ಎರಡು ಸಲ ಬರ್ತೀರಿ. ಗಿಡ ಇಲ್ಲದ ಜಾಗ ಅಂತ ಅಲ್ಲೇ ಗಾಡಿ ನಿಲ್ಲಸ್ತೀರಿ, ಅಲ್ಲೇ ಉಣ್ತೀರಿ. ಗಿಡ ಹೆಂಗ ಬರ್ತಾವು?"

ಬೇಲಿಯ ಮಾತು ಅಲ್ಲಿಗೆ ನಿಂತಿತು. ವರದಿಯಲ್ಲಿ "ಬೆಳೆಯದಿರಲು ಕಾರಣ" ಎಂಬ ಕಡೆ ನಾನು "ಸಮೀಕ್ಷೆ" ಅಂತ ಬರೆದೆ. ಸಾಹೇಬರು ಓದಿ, ಕೆಮ್ಮಿ, ಸಹಿ ಹಾಕಿದರು.

ಮುಂದಿನ ಮಳೆಗೆ ಆ ಚೌಕವೂ ಹಸಿರಾಯಿತು. ಖುಷಿ ತಡೆಯದೆ, ಜೀಪು ರಸ್ತೆಯಲ್ಲೇ ಬಿಟ್ಟು, ಖಾಲಾಗೆ ಹೇಳಲು ಗಿಡಗಳ ನಡುವೆ ನಡೆದುಕೊಂಡೇ ಹೋದೆವು. ದೂರದಿಂದಲೇ ಕೋಲು ಎತ್ತಿ ಕೂಗಿದಳು:

"ಮತ್ತ ತುಳ್ಯಾಕ ಬಂದ್ರೇನು? ಮ್ಯಾಲಿಂದ ನೋಡೋರು ಮ್ಯಾಲಿಂದನೇ ನೋಡ್ರಿ ಸಾಬ್ರೆ, ಕೆಳಗ ಇಳೀಬ್ಯಾಡ್ರಿ!"